ಬಾಬು ಜಾನರ ಎಡಗಿವಿ

ಮಳವಳ್ಳಿಯ ಬಸ್ ಶೆಡ್ಡಿನಲ್ಲಿ ಇನ್ನೂ ನಸುಕು. ಮಹಾಯುದ್ಧ ಮುಗಿದು ವರ್ಷವಾದರೂ ಪೆಟ್ರೋಲು ಸಾಲದು. ಬಸ್ಸಿನ ಹಿಂಬದಿಯ ಡ್ರಮ್ಮಿಗೆ ಇದ್ದಿಲು ಸುರಿದು, ಬೆಂಕಿ ಹಿಡಿಸಿ, ಆ ಅನಿಲದಲ್ಲೇ ಓಡಿಸಬೇಕು. ಎಂಜಿನ್ನು ಹತ್ತಿಕೊಳ್ಳುತ್ತಲೇ ಬಾಬು ಜಾನ್ ಅದರ ಮುಚ್ಚಳದ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. "ಮೂರ್ನೇ ಪ್ಲಗ್ಗು ಸರಿಯಿಲ್ಲ, ಬಿಚ್ಲಾ," ಎನ್ನುತ್ತಾರೆ ಜೊತೆಗಾರ ಮರಿಸಿದ್ದಯ್ಯನಿಗೆ. ಬಿಚ್ಚಿ ನೋಡಿದರೆ ನಿಜ.

ಮೂರು ತಿಂಗಳ ಹಿಂದಿನವರೆಗೆ ಇವರೇ ಈ ಬಸ್ಸಿನ ಡ್ರೈವರು. ಹದಿನಾಲ್ಕು ವರ್ಷ ಮಳವಳ್ಳಿಯಿಂದ ಮದ್ದೂರು, ಅಲ್ಲಿಂದ ಮಂಡ್ಯ. ದಿನಕ್ಕೆರಡು ಸಲ ಹೋಗಿ ಬರುವುದು. ಸೀಟು ಇಪ್ಪತ್ತೆರಡು, ಸಂತೆಯ ದಿನ ಜನ ನಲವತ್ತು. ಸಂಜೆ ಮನೆ ಸೇರಿದರೆ, ಮುಚ್ಚಿಹೋದ ನಾಟಕ ಕಂಪನಿಯಿಂದ ಕೊಂಡ ಹಾರ್ಮೋನಿಯಂ. ಅವರು ನುಡಿಸುತ್ತಾರೆ, ಮಗಳು ಬಿಬಿ ಜಾನ್ ಹಾಡುತ್ತಾಳೆ, ಹೆಂಡತಿ ಹಾಜಿರಾ ಬೀ ರೊಟ್ಟಿ ತಟ್ಟುತ್ತಲೇ ತಲೆದೂಗುತ್ತಾರೆ.

ಈ ಬೇಸಿಗೆಯಲ್ಲಿ ಎಲ್ಲ ಕಲಸುಮೇಲೋಗರವಾಯಿತು. ಶಿಂಷಾ ಸೇತುವೆಯ ಹತ್ತಿರ ಎಂಜಿನ್ನು ಗುಂಯ್ ಎಂದಂತಾಗಿ ಬಸ್ಸು ನಿಲ್ಲಿಸಿದರು. ತಡಕಾಡಿದರೆ ಏನೂ ಇಲ್ಲ. ಮರುದಿನವೂ ಅದೇ. "ಗಾಡಿ ಕೂಗ್ತಾನೇ ಇಲ್ವಲ್ಲ ಬಾಬಣ್ಣ?" ಎಂದ ಕಂಡಕ್ಟರ್ ರಾಮಲಿಂಗಯ್ಯ. ಸಂಜೆ, ಶ್ರುತಿ ಬಿಟ್ಟೆಯೆಂದು ಮಗಳನ್ನು ಗದರಿದರು. "ಇಲ್ಲ ಅಬ್ಬಾ, ಸರಿಯಾಗೇ ಹಾಡ್ತಿದ್ದೀನಿ," ಎಂದವಳ ಕಣ್ಣು ತುಂಬಿತು.

"ಗಾಡಿ ಕೆಡ್ತೋ, ಹಾರ್ಮೋನಿಯಂ ಪೆಟ್ಟಿಗೆ ಕೆಡ್ತೋ, ಮಗಳ ಗಂಟ್ಲು ಕೆಡ್ತೋ, ಒಂದೂ ತಿಳೀನಿಲ್ಲ ಸ್ವಾಮಿ," ಎನ್ನುತ್ತಾರೆ ಬಾಬು ಜಾನ್. "ನಾನೇ ಕೆಟ್ಟಿರಬೌದು ಅನ್ನಾದು ಮಾತ್ರ ತಲೆಗೇ ಓಗ್ನಿಲ್ಲ."

ಮದ್ದೂರಿನಲ್ಲಿ ಒಂದು ದಿನ ಬಸ್ಸನ್ನು ಎಡಕ್ಕೆ ತಿರುಗಿಸುವಾಗ ಪಕ್ಕದ ಎತ್ತಿನ ಗಾಡಿಯಿಂದ ಕೂಗಿದ್ದು ಅವರಿಗೆ ಕೇಳಲಿಲ್ಲ. ರಾಮಲಿಂಗಯ್ಯ ಬಸ್ಸಿನ ತಗಡು ಬಡಿದ ಮೇಲೆ ಬ್ರೇಕು ಬಿತ್ತು. ನಡುವೆ ಗೇಣು ಜಾಗ. ಗಾಡಿಯಲ್ಲಿದ್ದ ಚಿಕ್ಕನಂಜಮ್ಮ ಎಂಬ ಹೆಂಗಸು ಇಳಿದು ಬಂದು, "ಕಿವಿ ಕೇಳಾಕಿಲ್ವೇನಯ್ಯಾ ನಿಂಗೆ?" ಎಂದಳು. ಬಸ್ಸಿನವರೆಲ್ಲ ಅದನ್ನು ಬೈಗುಳವೆಂದುಕೊಂಡರು. ಬಾಬು ಜಾನರಿಗೆ ಅದು ಉತ್ತರವಾಗಿತ್ತು.

ಮಂಡ್ಯದ ಡಾಕ್ಟರರು ಪರೀಕ್ಷಿಸಿ ಹೇಳಿದರು: ಎಂಜಿನ್ನಿನ ಪಕ್ಕದಲ್ಲೇ ಕೂತು ಕೂತು ಎಡಗಿವಿ ಮುಕ್ಕಾಲು ಹೋಗಿದೆ, ಗುಂಯ್ ಎನ್ನುವುದು ಗಾಡಿಯಲ್ಲ, ಕಿವಿಯೇ.

"ಬಲಗಿವಿ ನೆಟ್ಟಗೈತಲ್ಲ, ಯಾರ್ಗೂ ಯೋಳ್ಬೇಡಿ," ಎಂದರು ಹಾಜಿರಾ ಬೀ. ಮೂರು ಮಕ್ಕಳ ಮನೆ. ಅವರ ಮಾತೂ ತಪ್ಪಲ್ಲ. ಎರಡು ದಿನ ಹಾಗೇ ಬಸ್ಸು ಓಡಿಸಿದರು, ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ ಎಡಕ್ಕೆ ನೋಡಿಕೊಳ್ಳುತ್ತ. ಮೂರನೆಯ ದಿನ ತಾವಾಗಿಯೇ ಮಾಲೀಕರ ಮುಂದೆ ಬೀಗದಕೈ ಇಟ್ಟರು. ಕಾರಣ ಕೇಳಿದ ಮಾಲೀಕರು ಶೆಡ್ಡಿನಲ್ಲಿ ಕೆಲಸ ಕೊಟ್ಟರು. ಸಂಬಳ ಕಡಿಮೆ.

ಬಸ್ಸು ಈಗ ಬೇರೆಯವರ ಕೈಯಲ್ಲಿ ಗೇಟು ದಾಟುತ್ತದೆ. ಬಾಬು ಜಾನರ ಬಲಗಾಲು ನೆಲವನ್ನೇ ಬ್ರೇಕೆಂದು ಒತ್ತುತ್ತದೆ.

"ಸರಿ ಮಾಡಿದ್ನೋ ತಪ್ಪು ಮಾಡಿದ್ನೋ, ಈಗ್ಲೂ ಗೊತ್ತಾಗಾಕಿಲ್ಲ," ಎನ್ನುತ್ತಾರೆ ಕೈ ಒರೆಸಿಕೊಳ್ಳುತ್ತ. "ಆದ್ರೆ ಹದ್ನಾಲ್ಕು ವರ್ಸದಲ್ಲಿ ನನ್ ಬಸ್ಸತ್ತಿದೋರೆಲ್ಲ ನೆಟ್ಟಗೆ ಮನೆ ಸೇರವ್ರೆ. ಅದೊಂದು ಮಾತ್ರ ನಂಗೆ ಚೆನ್ನಾಗಿ ಗೊತ್ತು ಕಣ್ ಸ್ವಾಮಿ."