ನೆಮ್ಮಾರಿನ ಹುಡುಗನ ವಿಚಾರಣೆ

೧೯೮೪ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಆಮೇಲೆ ಯಾರ ಮುಂದೆಯೂ ಕೈ ಚಾಚಿದವನಲ್ಲ. ಹೋಟೆಲಿನಲ್ಲಿ ಲೋಟ ತೊಳೆದೆ, ಲಾರಿಯಲ್ಲಿ ಕ್ಲೀನರ್ ಆದೆ, ಬೆಂಗಳೂರಿನ ಒಂದು ಪತ್ತೇದಾರಿ ಕಚೇರಿಯ ಬಾಗಿಲು ಕಾದೆ. ಬಾಗಿಲು ಕಾಯುತ್ತಲೇ ಒಳಗಿನ ಕೆಲಸವನ್ನೂ ಕಲಿತೆ. ಎರಡು ಸಾವಿರದ ನಾಲ್ಕರಲ್ಲಿ ಊರಿಗೆ ಮರಳಿ, ಕೊಪ್ಪ ಪೇಟೆಯ ಟೈಲರ್ ಅಂಗಡಿಯೊಂದರ ಮೇಲೆ ಕೋಣೆ ಹಿಡಿದು ‘ಖಾಸಗಿ ಪತ್ತೇದಾರರು’ ಎಂದು ಬೋರ್ಡು ಹಾಕಿದೆ.

ಕೊಲೆ, ದರೋಡೆಯ ಕೆಲಸ ಯಾರೂ ತರಲಿಲ್ಲ. ಮೊದಲು ಬಂದವರು ಕಳೆದುಹೋದ ಎಮ್ಮೆ ಹುಡುಕಿಸಿದರು. ಎಮ್ಮೆಯೇನೋ ಸಿಕ್ಕಿತು. ಆದರೆ ನನ್ನನ್ನು ಕಂಡದ್ದೇ ಓಟ ಕಿತ್ತಿತು. ಜಯಪುರ ಪೇಟೆಯ ನಡುವೆ ಅದು ಮುಂದೆ, ನಾನು ಹಿಂದೆ. ಅಂದಿನಿಂದ ಕೆಳಗಿನ ಟೈಲರ್‌ಗೆ ನಾನು ‘ಎಮ್ಮೆ ಇನ್‌ಸ್ಪೆಕ್ಟ್ರು’. ಬಾಡಿಗೆ ಕಟ್ಟುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ನರಸಿಂಹರಾಜಪುರದಿಂದ ಒಬ್ಬ ಹಿರಿಯರು ಮೆಟ್ಟಿಲು ಹತ್ತಿ ಬಂದರು. ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಅವರ ದೊಡ್ಡ ಮಗಳು ಗಂಡನ ಏಟು ತಾಳಲಾರದೆ ತವರಿಗೆ ಮರಳಿದ್ದಳು. ಈಗ ಚಿಕ್ಕವಳಿಗೆ ನೆಮ್ಮಾರಿನ ಕಡೆಯಿಂದ ಸಂಬಂಧ ಬಂದಿತ್ತು.

“ಜಾತಕ, ಜಮೀನು ಎಲ್ಲ ನಾವೇ ನೋಡಿಯಾಗಿದೆ. ನೀವು ಒಂದೇ ಒಂದು ತಿಳ್ಕೊಂಡು ಬನ್ನಿ ಮಾರಾಯ್ರೆ. ಹುಡುಗ ಕೈ ಮಾಡ್ತಾನಾ?”

ಅಂದು ಗುರುವಾರ. ನಿಶ್ಚಿತಾರ್ಥ ಭಾನುವಾರ.

ಮರುದಿನ ಶೃಂಗೇರಿಯ ಹೋಟೆಲಿನಲ್ಲಿ ಕೇಳಿದೆ, ನೆಮ್ಮಾರಿನ ಅಂಗಡಿಯಲ್ಲಿ ಕೇಳಿದೆ. “ಆ ಹುಡುಗನಾ? ಅಪರಂಜಿ!” ಎಂದರು. ನಮ್ಮ ಕಡೆ ಮದುವೆಯ ಮಾತು ನಡೆಯುವಾಗ ಯಾರೂ ಕೆಟ್ಟದ್ದು ಆಡುವುದಿಲ್ಲ. ಕೂಡಿಬಂದ ಸಂಬಂಧ ತಪ್ಪಿಸಿದ ಪಾಪ ಮಕ್ಕಳಿಗೂ ಸುತ್ತಿಕೊಳ್ಳುತ್ತದೆ ಎಂಬ ಹೆದರಿಕೆ. ಹಾಲಿನ ಡೈರಿಯವನು ಮಾತ್ರ ಕ್ಯಾನು ತೊಳೆಯುತ್ತಾ, ತಲೆ ಎತ್ತದೆ, “ನನ್ನ ಬಾಯಲ್ಲಿ ಎಂತದೂ ಹೇಳಿಸಬೇಡ ಮಾರಾಯ” ಎಂದ. ಆ ಮಾತು ರಾತ್ರಿಯೆಲ್ಲ ನನ್ನನ್ನು ಕೊರೆಯಿತು.

ಶನಿವಾರ ಬೆಳಿಗ್ಗೆ ಕುಕ್ಕರ್, ಸ್ಟೌ ರಿಪೇರಿಯವನ ವೇಷದಲ್ಲಿ ನೇರ ಹುಡುಗನ ಮನೆಗೇ ಹೋದೆ. ಹುಡುಗ ಇರಲಿಲ್ಲ. ತಾಯಿ ಒಂದು ಕುಕ್ಕರ್ ತಂದಿಟ್ಟರು.

“ಹಿಡಿ ಅಲ್ಲಾಡ್ತದೆ, ನೋಡಿ.”

ಸ್ಕ್ರೂ ತಿರುಗಿಸಿದೆ. ಹಿಡಿ ಕಳಚಿ ಕೈಗೆ ಬಂತು.

“ಅಯ್ಯ, ಇಷ್ಟು ಹೊತ್ತು ಅಲ್ಲಾಡ್ತಾದ್ರೂ ಇತ್ತು!” ಎಂದು ಅವರು ನಕ್ಕರು. ಹಿಂದೆ ನಿಂತಿದ್ದ ಆಳು ನಗಲಿಲ್ಲ. “ಅಮ್ಮ, ಇವ ರಿಪೇರಿಯವನಲ್ಲ. ಮೊನ್ನೆ ಹಳ್ಳದ ಪಂಪು ಹೊತ್ಕೊಂಡು ಹೋದ ಕಳ್ಳ ಇವನೇ ಇರ್ಬೇಕು!”

ಓಡಿದೆ. ಕುಕ್ಕರಿನ ಹಿಡಿ ಕೈಯಲ್ಲೇ ಇತ್ತು. ನಾಯಿ ಬಂತು, ಕತ್ತಿ ಹಿಡಿದು ಇನ್ನಿಬ್ಬರು ಆಳುಗಳು ಬಂದರು. ಬೇಲಿ ಹಾರಿದವನು ಸೊಂಟದವರೆಗೆ ಗೊಬ್ಬರದ ಗುಂಡಿಯಲ್ಲಿ ಹೂತುಹೋದೆ.

“ಓಡಿದ್ರೆ ಕಡಿದು ಹಾಕ್ತೆ!”

“ಎಲ್ಲಿಗೆ ಓಡ್ಲಿ ಮಾರಾಯ, ಕಾಲೇ ಬರ್ತಿಲ್ಲ!”

ಎಳೆದು ತಂದು ಅಂಗಳದಲ್ಲಿ ಕೂರಿಸಿದರು. ಪೊಲೀಸರಿಗೆ ಆಮೇಲೆ ಹೇಳುವ, ಮೊದಲು ನಾವೇ ನಾಲ್ಕು ಬಿಡುವ ಎಂದು ಒಬ್ಬ ಕೋಲು ತಂದ. ಅಷ್ಟರಲ್ಲಿ ಬೈಕಿನ ಸದ್ದು. ಹುಡುಗ ಬಂದ.

ಇವನು ಹೊಡೆದರೆ ನನ್ನ ಕೆಲಸ ಮುಗಿಯಿತು, ಹಲ್ಲು ಹೋದರೂ ಸರಿ ಎಂದುಕೊಂಡೆ. ಬೇಕೆಂದೇ ಕೆಣಕಿದೆ: “ಎಂತ ನೋಡ್ತೀಯ? ಗಂಡಸಾದ್ರೆ ಕೈ ಎತ್ತು!”

ಅವನು ಮುಗುಳ್ನಕ್ಕ. “ಕೋಲು ಆಚೆ ಇಡ್ರೋ. ಹೊಡಿಯೋದು ಬಡಿಯೋದು ನಮ್ಮನೇಲಿ ಇಲ್ಲ” ಎಂದ. ತಾನೇ ಕೊಡಪಾನದಲ್ಲಿ ನೀರು ತಂದು ನನ್ನ ಮೈಮೇಲೆ ಸುರಿದ. ನಾನು ನಡುಗುವುದನ್ನು ಕಂಡು, ಬಟ್ಟೆ ಒಣಗಿಸುವ ಹಗ್ಗದಿಂದ ಟವೆಲು ತೆಗೆಯಲು ಕೈ ಎತ್ತಿದ. ತಾಯಿ ಒಂದು ತಂಬಿಗೆ ಹಿಡಿದು ಆ ಹಗ್ಗದ ಕೆಳಗೇ ನಿಂತಿದ್ದರು.

ಕೈ ಮೇಲೆ ಹೋದದ್ದೇ ತಡ, ಅವರು ಕುಗ್ಗಿ, ಮೊಣಕೈಯನ್ನು ಕಿವಿಗೆ ಅಡ್ಡ ಹಿಡಿದರು. ತಂಬಿಗೆ ನೆಲಕ್ಕೆ ಬಿದ್ದು ಉರುಳಿತು.

“ಎಂತಮ್ಮಾ, ಟವೆಲು ತೆಗೆದದ್ದು” ಎಂದು ಹುಡುಗ ನಕ್ಕ. ತಾಯಿಯೂ ನಕ್ಕರು, ಸೆರಗು ಸರಿ ಮಾಡಿಕೊಂಡು ಒಳಗೆ ಹೋದರು. ಈಗಷ್ಟೇ ಅಬ್ಬರಿಸುತ್ತಿದ್ದ ಆಳುಗಳು ನೆಲ ನೋಡುತ್ತಾ ನಿಂತಿದ್ದರು.

ಬಸ್ಸಿನ ರಸ್ತೆಗೆ ಬಿಡುತ್ತೇನೆಂದು ಹುಡುಗ ನನ್ನನ್ನು ಬೈಕಿಗೆ ಹತ್ತಿಸಿಕೊಂಡ. ದಾರಿಯಲ್ಲಿ, ಕಾಡಿನ ತಿರುವಿನಲ್ಲಿ, ಎಂಜಿನ್ ನಿಲ್ಲಿಸಿದ. ಆಚೀಚೆ ನರಪಿಳ್ಳೆ ಇಲ್ಲ.

“ಹುಡುಗಿ ಮನೆಯವರು ಕಳಿಸಿದ್ದಲ್ವಾ? ನೀವು ಡೈರಿಯಲ್ಲಿ ವಿಚಾರಿಸಿದ್ದು ನಿನ್ನೆಯೇ ನನ್ನ ಕಿವಿಗೆ ಬಿತ್ತು.”

ಅವನು ಹಿಂದೆ ತಿರುಗಿ ನನ್ನ ಮುಖ ನೋಡಿದ.

“ನಾನು ನಿಮಗೆ ಹೊಡೀಲಿಲ್ಲ. ಅಷ್ಟು ಹೇಳಿ ಸಾಕು. ನಿಜ ತಾನೇ ಅದು?”

“ನಿಜ” ಎಂದೆ. ಅವನು ಎಂಜಿನ್ ಮತ್ತೆ ಶುರು ಮಾಡಿದ.

ಸಂಜೆ ನರಸಿಂಹರಾಜಪುರದಲ್ಲಿ, ಗೊಬ್ಬರದ ವಾಸನೆ ಇನ್ನೂ ಹೋಗದ ಮೈಯಲ್ಲಿ, ಹಿರಿಯರ ಜಗಲಿಯ ಮೇಲೆ ಕೂತು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಒಳಗೆ ನಾಳೆಯ ಅಡಿಗೆಗೆ ತೆಂಗಿನಕಾಯಿ ಸುಲಿಯುತ್ತಿದ್ದರು.

ಹಿರಿಯರು ಹಣೆ ಒತ್ತಿಕೊಂಡರು. “ಹೊಡೆದದ್ದು ಕಣ್ಣಾರೆ ನೋಡಿಲ್ಲ ಅಂತೀರಿ. ಟವೆಲು ತೆಗೆದದ್ದಕ್ಕೆ ಮದುವೆ ಬಿಡ್ಲಾ ಮಾರಾಯ್ರೆ? ನಾಳೆ ಬೆಳಗಾದ್ರೆ ಜನ ಬರ್ತಾರೆ!”

ಬಾಗಿಲಿನ ಹಿಂದಿನಿಂದ ಅವರ ದೊಡ್ಡ ಮಗಳು ಹೊರಗೆ ಬಂದಳು.

“ಅಣ್ಣ, ಆ ಅಮ್ಮ ಮೊಣಕೈ ಅಡ್ಡ ಹಿಡಿದದ್ದು ಕಣ್ಣಿಗಾ, ಕಿವಿಗಾ?”

“ಕಿವಿಗೆ.”

ಅವಳು ತನ್ನ ಕಿವಿಯನ್ನೊಮ್ಮೆ ಮುಟ್ಟಿಕೊಂಡು, ತಂದೆಯ ಕಡೆ ತಿರುಗಿದಳು. “ಅಪ್ಪ, ಫೋನ್ ಮಾಡಿ. ನಾಳೆ ಬರೋದು ಬೇಡ ಅನ್ನಿ.”

ಹಿರಿಯರು ಮಗಳ ಮುಖ ನೋಡಿದರು. ಎದ್ದು ಹೋಗಿ ಫೋನ್ ಎತ್ತಿಕೊಂಡರು.

ಮದುವೆ ಮುರಿಯುವವನು ಎಂಬ ಹೆಸರು ನನಗಿಂತ ಮೊದಲೇ ಕೊಪ್ಪ ತಲುಪಿತ್ತು. ಬಳಿಕ ಎಮ್ಮೆ ಕಳೆದುಕೊಂಡವರು ಕೂಡ ನನ್ನ ಮೆಟ್ಟಿಲು ಹತ್ತಲಿಲ್ಲ. ವರ್ಷ ತುಂಬುವುದರೊಳಗೆ ಬೋರ್ಡು ಇಳಿಸಿ ಡ್ರೈವಿಂಗ್ ಕೆಲಸಕ್ಕೆ ಹೋದೆ. ಆ ಹುಡುಗ ಹೊಡೆಯುತ್ತಾನೆ ಎಂದು ನಾನು ಎಲ್ಲಿಯೂ ಹೇಳಿಲ್ಲ, ಇವತ್ತಿಗೂ ಹೇಳುವುದಿಲ್ಲ. ನೋಡಿದ್ದನ್ನು ಹೇಳಿದೆ. ಅದು ನನ್ನ ಕೆಲಸವಾಗಿತ್ತು, ಚೆನ್ನಾಗಿಯೇ ಮಾಡಿದೆ.

ಈಗ ನನಗೆ ಸ್ವಂತದ್ದೊಂದು ಗೂಡ್ಸ್ ಆಟೋ ಇದೆ, ಎರಡು ಹಸು, ಕೊಪ್ಪದ ಹೊರಗೆ ಮೂರು ಕೋಣೆಯ ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.