ಮಣ್ಣಾದ ಅಂಗಿಗೆ ನಾಲ್ಕು ಮಿರ್ಚಿ

ಕಂಪ್ಲಿಯಿಂದ ಹಂಪಿಯವರೆಗೆ ನನ್ನಂಥ ಗೋಲ್‌ಕೀಪರ್ ಇನ್ನೊಬ್ಬ ಹುಟ್ಟಿಲ್ಲ. ನಾನು ನಿಂತರೆ ಗಾಳಿಯೂ ಅಪ್ಪಣೆ ಕೇಳಿ ಒಳಗೆ ಬರುತ್ತಿತ್ತು.

ಇವತ್ತು ಕಡ್ಡಿರಾಂಪುರದ ಹೋಟೆಲಿನಲ್ಲಿ ಮಿರ್ಚಿ ಬಜ್ಜಿ ಕರಿಯುವ ವಾಸನೆ. ಅಣ್ಣನ ಮಕ್ಕಳು ಮೊಬೈಲಿನಲ್ಲಿ ಫುಟ್‌ಬಾಲ್ ಆಟಗಾರರ ಅಂಕಪಟ್ಟಿ ನೋಡುತ್ತ, ಗೋಲು ಹೊಡೆದವನಿಗಷ್ಟೇ ಹೆಚ್ಚು ಅಂಕ ಕೊಡುವುದು ನ್ಯಾಯವೇ ಎಂದು ಜಗಳವಾಡುತ್ತಿದ್ದರು. ನನಗೆ ನಮ್ಮೂರಿನ ನ್ಯಾಯ ನೆನಪಾಯಿತು.

ಕೊಯ್ಲಾದ ಗದ್ದೆಯಲ್ಲಿ ನಮ್ಮ ಫುಟ್‌ಬಾಲ್. ಆಟ ಮುಗಿಯುವ ಹೊತ್ತಿಗೆ ಬರುತ್ತಿದ್ದ ಅಕ್ಕಿ ಗಿರಣಿಯ ಅಜ್ಜ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಯಾರ ಅಂಗಿ ಹೆಚ್ಚು ಮಣ್ಣಾಗಿದೆಯೋ ಅವನೇ ಹೆಚ್ಚು ದುಡಿದವನು, ಅವನಿಗೇ ನಾಲ್ಕು ಮಿರ್ಚಿ. ಚೆಂಡು ಆ ಕಡೆ ಇದ್ದಾಗ ನಾನು ಕಾಲುವೆ ಬದಿಯಲ್ಲಿ ಹೊರಳಿ ಬರುತ್ತಿದ್ದೆ.

ಒಂದು ಸಂಜೆ ಎಂದಿನಂತೆ ಮಿರ್ಚಿ ಪೊಟ್ಟಣ ನನಗೇ ಬಂತು. ನೋಡುತ್ತಿದ್ದವರು ಸಾಲಿನಲ್ಲಿದ್ದ ನನ್ನ ಜೊತೆಗಾರನನ್ನು ತೋರಿಸಿ ಕೂಗಿದರು: "ಓಡಿ ಓಡಿ ಸತ್ತವ ಬಸ್ಯಾ, ಮಿರ್ಚಿ ಇವಂಗಾ?"

"ಬಸ್ಯಾನ ಅಂಗಿ ಮಲ್ಲಿಗಿ ಹಂಗ ಐತಲ್ರೋ!" ಅಂದರು ಅಜ್ಜ.

ಹುಲ್ಲಿನ ಹೊರೆ ಹೊತ್ತು ನಿಂತಿದ್ದ ನಮ್ಮವ್ವ ಬಾಯಿ ಹಾಕಿದಳು. "ಅಜ್ಜಾರ, ಸಾಲಿಗೆ ಹೋಗಾಕ ಅವಂಗಿರೋದು ಅದೊಂದ ಅಂಗಿ. ಕಳದು ಗಿಡಕ್ಕ ಹಾಕಿ ಆಡ್ಯಾನ. ಅವನ ಮಣಕಾಲು ನೋಡ್ರಿ." ನನ್ನತ್ತ ತಿರುಗಿ, "ಕೊಡಲೇ ಅವಂಗ, ಕಳ್ಳ!" ಎಂದಳು.

ಅಜ್ಜ ಬಗ್ಗಿ, ತರಚಿದ ಆ ಮೊಣಕಾಲುಗಳನ್ನು ತಮ್ಮ ಟವೆಲ್ಲಿನಿಂದ ಒರೆಸಿದರು. ಪೊಟ್ಟಣ ಬಸ್ಯಾನ ಕೈ ಸೇರಿತು.

ದಾರಿಯಲ್ಲಿ ಅವನು ಎರಡು ಮಿರ್ಚಿ ನನ್ನ ಕೈಗಿಟ್ಟ. "ತಗೋಲೇ, ಹೊರಳಾಡಿ ಹೊರಳಾಡಿ ನೀನೂ ಭಾಳ ದಣದಿ."

ಈಗ ಹುಡುಗರಿಗೆ, ನಾನು ಒಂದು ಮಿರ್ಚಿಯನ್ನೂ ಸೋತವನಲ್ಲ ಎಂದು ಹೇಳಿದ್ದೇನೆ. ನಿಮಗಾದರೆ ನಿಜ ಹೇಳುತ್ತೇನೆ: ಎರಡು.