ಇನ್ನೊಂದ್ ರೌಂಡು, ಮಿಸ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಚಿಕ್ಕಮಕ್ಕಳಿಗೆ ಸಕಾರಾತ್ಮಕ ಮನೋಭಾವ ಕಲಿಸುವುದು ಹೇಗೆಂಬ ತರಬೇತಿಗೆ ನಮ್ಮ ಶಾಲೆಯಿಂದ ಹೋದವಳು ನಾನು. ಬೇರೆ ಯಾರನ್ನಾದರೂ ಕಳಿಸೋಣವೆಂದರೆ ಬೇರೆ ಯಾರೂ ಇಲ್ಲ. ದುದ್ದದಲ್ಲಿ ಬಸ್ಸಿಳಿದು ಎರಡು ಕಿಲೋಮೀಟರ್ ನಡೆದರೆ ಸಿಗುವ ಆ ಶಾಲೆಗೆ ನಾನೊಬ್ಬಳೇ ಟೀಚರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ.

ತರಬೇತಿ ಹಾಸನದಲ್ಲಿ, ಎರಡು ದಿನ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಲ್ಲ ಕಡೆಯಿಂದಲೂ ಟೀಚರುಗಳು ಬಂದಿದ್ದರು. ಎದ್ದು ನಿಂತು, ಎದೆ ಮೇಲೆ ಕೈಯಿಟ್ಟು, 'ನನ್ನಿಂದ ಸಾಧ್ಯ' ಎಂದು ಊಟಕ್ಕೆ ಮುಂಚೆ ಮೂರು ಸಲ, ಆಮೇಲೆ ಮೂರು ಸಲ ಹೇಳಿಸಿದರು. ನನ್ನ ಪಕ್ಕದಲ್ಲಿದ್ದ ಚನ್ನರಾಯಪಟ್ಟಣದ ಮೇಷ್ಟ್ರು ಊಟವಾದ ಮೇಲಿನ ಮೂರನ್ನು ಕಣ್ಣು ಮುಚ್ಚಿಕೊಂಡೇ ಹೇಳಿದರು. ಕೊನೆಗೆ ನಗುವ ಸೂರ್ಯನ ಚಿತ್ರವಿದ್ದ ಒಂದು ಚಾರ್ಟು ಕೊಟ್ಟು ಕಳಿಸಿದರು. ನಾನು ಅದನ್ನು ಕರಿಹಲಗೆಯ ಪಕ್ಕ ಅಂಟಿಸಿ, ಮಾರನೆಯ ಬೆಳಗಿನಿಂದಲೇ ಮಕ್ಕಳ ಕೈಲಿ 'ನನ್ನಿಂದ ಸಾಧ್ಯ' ಕೂಗಿಸಲು ಶುರುಮಾಡಿದೆ.

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಎರಡನೇ ತರಗತಿಯ ಒಬ್ಬ ಹುಡುಗಿ. ಮಲ್ಲಿಪಟ್ಟಣದ ಕಡೆಯವಳು, ಆ ವರ್ಷವಷ್ಟೇ ಇಲ್ಲಿ ಅಜ್ಜಿಯ ಮನೆಗೆ ಬಂದು ಸೇರಿದ್ದಳು. ಮಾತಿನಲ್ಲಿ ಪಟಾಕಿ. ಆದರೆ ಪುಸ್ತಕ ಕೈಗೆ ಕೊಟ್ಟರೆ ಬಾಯಿಗೆ ಬೀಗ. ಮೊದಲ ಪದ ಓದುವಳು, ಎರಡನೆಯದರಲ್ಲಿ ನಿಲ್ಲುವಳು, ಆಮೇಲೆ ನೆಲ ನೋಡುವಳು. ಒಂದು ದಿನ, ಬಿಸಿಲಲ್ಲಿ ನಡೆದು ಬಂದ ನನಗೆ ತಲೆ ಸಿಡಿಯುತ್ತಿತ್ತು. ಅವಳು ಎಂದಿನಂತೆ ನಿಂತಳು. ನನಗೆ ರೇಗಿಹೋಯಿತು.

"ಬೆಳಗ್ಗೆ ಗಂಟಲು ಹರ್ಕೊಂಡು ಸಾಧ್ಯ ಸಾಧ್ಯ ಅಂತೀಯಲ್ಲ, ಈಗೇನಾಯ್ತು? ಹೋಗು, ಕೂತ್ಕೋ. ನಿನ್ನ ಕೈಲಾಗಲ್ಲ!"

ಅಂದೆ, ಮರೆತೆ. ನಾನು ಮರೆತೆ, ಅಷ್ಟೇ.

ಎರಡು ದಿನ ಕಳೆದು, ಬಿಸಿಯೂಟವಾದ ಮೇಲೆ ಮಕ್ಕಳು ಹೊಂಗೆಮರದ ಕೆಳಗೆ ಸ್ಕೂಲಾಟ ಆಡುತ್ತಿದ್ದರು. ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಮಜ್ಜಿಗೆ ಕುಡಿಯುತ್ತಿದ್ದೆ. ಆ ದಿನ ಮಿಸ್ ಆಗುವ ಸರದಿ ಇದೇ ಹುಡುಗಿಯದು. ಯಾರದೋ ಟವೆಲನ್ನು ಸೆರಗಿನ ಹಾಗೆ ಹೊದ್ದು, ಕೈಯಲ್ಲೊಂದು ಕಡ್ಡಿ ಹಿಡಿದು, ಥೇಟ್ ನನ್ನ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದಳು. ಎದುರಿಗೆ ಕೂತಿದ್ದ ಪುಟಾಣಿಗಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಬಾಯಿ ತೆರೆಯುವ ಮೊದಲೇ, "ಓಗು, ಕೂತ್ಕೋ. ನಿನ್ ಕೈಲಾಗಲ್ಲ" ಅನ್ನುತ್ತಿದ್ದಳು. ಒಂದು ಚೂರೂ ಸಿಟ್ಟಿಲ್ಲದೆ, ಹಾಜರಿ ಕೂಗಿದಷ್ಟು ಸಲೀಸಾಗಿ.

ಒಳಗಿದ್ದ ಬಿಸಿಯೂಟದ ಅಡುಗೆಯಾಕೆ ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ಪಾತ್ರೆ ಉಜ್ಜತೊಡಗಿದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಆ ಮಗು ನನ್ನನ್ನು ಅಣಕಿಸುತ್ತಿರಲಿಲ್ಲ. ಟೀಚರು ಅಂದರೆ ಹಾಗೆ ಹೇಳುವವರು ಎಂದೇ ತಿಳಿದುಕೊಂಡಿತ್ತು. ತನಗೆ ಓದು ಬಾರದು ಎಂಬುದನ್ನೂ ಹಾಗೆಯೇ, ಯಾವ ಜಗಳವೂ ಇಲ್ಲದೆ ಒಪ್ಪಿಕೊಂಡುಬಿಟ್ಟಿತ್ತು. ಏಳು ವರ್ಷಕ್ಕೇ ಒಪ್ಪಿಕೊಂಡರೆ ಆಮೇಲೆ ಯಾರು ಬಿಡಿಸುತ್ತಾರೆ? ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಮಾರನೆಯ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಣ್ಣೆಯಂಥ ದನಿ ತೆಗೆದೆ. "ಓದು ಕಂದಾ, ಪ್ರಯತ್ನಪಟ್ಟರೆ ಎಲ್ಲಾ ಬರುತ್ತೆ."

"ನಂಗ್ ಬರಕಿಲ್ಲ ಮಿಸ್" ಅಂದಳು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ.

"ಬರಲ್ಲ ಅನ್ನೋ ಮಾತೇ ಇಲ್ಲ. ಮನಸ್ಸು ಮಾಡಬೇಕು ಅಷ್ಟೆ."

ಆಗ ಬಾಗಿಲಿಂದ ಅಡುಗೆಯಾಕೆಯ ದನಿ ಬಂತು: "ಅಂಗಾರೆ ಗಾಡಿ ಯಾವಾಗ ಕಲಿತೀರಿ ಮೇಡಂ?"

ಈ ಗಾಡಿಯ ಕಥೆ ಹೇಳಬೇಕು. ಆಕೆ ಬೆಳಗ್ಗೆ ಡೇರಿಗೆ ಹಾಲು ಹಾಕಿ, ಅದೇ ಮೊಪೆಡ್ಡಿನಲ್ಲಿ ಶಾಲೆಗೆ ಬರುವವರು. ಬಿಸಿಲಲ್ಲಿ ನಡೆದು ಬರುವ ನನ್ನನ್ನು ನೋಡಿ, ಕಲಿಸಿಕೊಡ್ತೀನಿ ಬನ್ನಿ ಎಂದು ಮೂರು ವರ್ಷದಿಂದ ಕರೆಯುತ್ತಿದ್ದರು. ಮೂರು ವರ್ಷದಿಂದ ನನ್ನದು ಒಂದೇ ಉತ್ತರ: "ಅಯ್ಯೋ, ಈ ವಯಸ್ಸಲ್ಲಿ ನನ್ನ ಕೈಲಾಗಲ್ಲ ಕಣ್ರೀ." ಮಕ್ಕಳೆಲ್ಲರಿಗೂ ಅದು ಬಾಯಿಪಾಠವಾಗಿತ್ತು. ಈಗ ಇಡೀ ಕೋಣೆ ನನ್ನತ್ತ ತಿರುಗಿತು. ಪಕ್ಕದಲ್ಲಿದ್ದ ಹುಡುಗಿಯಂತೂ ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ಇವತ್ತು ಸಂಜೆನೇ" ಅಂದೆ.

ಸಂಜೆ ಶಾಲೆ ಬಿಟ್ಟರೂ ಒಬ್ಬರೂ ಮನೆಗೆ ಹೋಗಲಿಲ್ಲ. ಬ್ಯಾಗು ಹೆಗಲಿಗೇರಿಸಿಕೊಂಡು ಬೇಲಿಯುದ್ದಕ್ಕೂ ಸಾಲಾಗಿ ನಿಂತರು. ಸೆರಗು ಸಿಕ್ಕಿಸಿ ಹತ್ತಿ ಕೂತೆ. ಧ್ವಜಸ್ತಂಭದಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ತಿರುಗಿ ಬರಬೇಕು, ಅದು ಒಂದು ರೌಂಡು. ಅಡುಗೆಯಾಕೆ ಹಿಂದಿನ ಕ್ಯಾರಿಯರ್ ಹಿಡಿದು ಓಡಿಬರುತ್ತಿದ್ದರು. "ಬಿಡಬೇಡಿ, ಹಿಡ್ಕೊಳ್ಳಿ, ಹಿಡ್ಕೊಳ್ಳಿ!" ಎಂದು ನಾನು ಕಿರುಚಿದ್ದು ಆಚೆ ಹೊಲದಲ್ಲಿ ರಾಗಿ ಕಳೆ ಕೀಳುತ್ತಿದ್ದವರಿಗೂ ಕೇಳಿಸಿತಂತೆ. ಟ್ಯಾಂಕಿನ ಹತ್ತಿರ ತಿರುಗಿಸುವ ಬದಲು ನೆಟ್ಟಗೆ ಬೇಲಿಗೇ ನುಗ್ಗಿಸಿದೆ.

ಮೊಣಕಾಲು ತರಚಿತು, ಸೀರೆಯ ಅಂಚು ಹರಿಯಿತು. ಎದ್ದು ನಿಂತಾಗ ನನ್ನ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜೊತೆಗೆ ಆ ಗಾಡಿಗೆ, ಅಡುಗೆಯಾಕೆಗೆ, ತರಬೇತಿ ಕೊಟ್ಟವರಿಗೆಲ್ಲ ಬೈಯುವಷ್ಟು ಸಿಟ್ಟು. ಹುಡುಗಿ ಹತ್ತಿರ ಓಡಿಬಂದಳು.

"ನಿಮ್ಗೂ ಬರಕಿಲ್ವಾ ಮಿಸ್?"

ಸುಳ್ಳು ನಗು ನಗಲು ನನಗೆ ಆಗಲಿಲ್ಲ. "ಬರಲ್ಲ" ಅಂದೆ. "ಬಿದ್ದೆ. ನೋವಾಗ್ತಿದೆ. ಭಯಾನೂ ಆಗ್ತಿದೆ."

ಅವಳು ನನ್ನ ಮೊಣಕಾಲಿನ ಕಡೆ ನೋಡಿದಳು, ಗಾಡಿಯ ಕಡೆ ನೋಡಿದಳು. "ಇನ್ನೊಂದ್ ರೌಂಡು, ಮಿಸ್" ಅಂದಳು.

ಎಷ್ಟೋ ಸಂಜೆ ಹೀಗೇ ನಡೆಯಿತು. ಬಿದ್ದಾಗಲೆಲ್ಲ ಬೇಲಿಯುದ್ದಕ್ಕೂ ಒಂದೇ ಕೂಗು, "ಇನ್ನೊಂದ್ ರೌಂಡು, ಮಿಸ್!" ಎಲ್ಲಕ್ಕಿಂತ ಮುಂದೆ ಓಡುತ್ತಿದ್ದವಳು ಅವಳೇ. "ಕಾಲ್ ಎತ್ಕಳಿ! ಬ್ರೇಕು! ಅತ್ಲಾಗ್ ನೋಡ್ಬ್ಯಾಡಿ, ಮುಂದಕ್ ನೋಡಿ!" ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವ ಸಾಹೇಬರೂ ನನ್ನನ್ನು ಹಾಗೆ ಗದರಿದ್ದಿಲ್ಲ. ಆದರೂ ಒಂದು ಸಲವೂ 'ನಿಮ್ ಕೈಲಾಗಲ್ಲ' ಅನ್ನಲಿಲ್ಲ ಆ ಮಗು. ಅದನ್ನು ನಾನು ಮನಸ್ಸಿನಲ್ಲೇ ಗಮನಿಸುತ್ತಿದ್ದೆ. ಬೆಳಗಿನ ಕೂಗಾಟವನ್ನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ. ಚಾರ್ಟಿನ ಸೂರ್ಯ ಒಂದು ಮೂಲೆಯಿಂದ ಕಿತ್ತುಕೊಂಡು ಬಾಗಿದ್ದ, ಮತ್ತೆ ಅಂಟಿಸುವ ಗೋಜಿಗೆ ಹೋಗಲಿಲ್ಲ.

ಒಂದು ಸಂಜೆ ಟ್ಯಾಂಕಿನ ಹತ್ತಿರ ತಿರುಗಿಸಿ ವಾಪಸ್ಸು ಬರುತ್ತಿದ್ದೆ. "ಬಿಡಬೇಡಿ" ಎಂದು ಎಂದಿನಂತೆ ಕೂಗಿದೆ. ಪಕ್ಕದಲ್ಲೇ ಓಡಿಬರುತ್ತಿದ್ದ ಹುಡುಗಿ ಏದುಸಿರು ಬಿಡುತ್ತಾ ಅಂದಳು, "ಆಂಟಿ ಆಗ್ಲೇ ಬುಟ್ಬುಟ್ಟವ್ರೆ ಮಿಸ್! ನೀವೇ ಓಡಿಸ್ತಾ ಇರದು!"

ದೂರದಲ್ಲಿ, ಟ್ಯಾಂಕಿನ ಹತ್ತಿರ, ಅಡುಗೆಯಾಕೆ ಸೊಂಟಕ್ಕೆ ಕೈಯಿಟ್ಟು ನಗುತ್ತಿದ್ದರು. ನನಗೆ ಅಳು ಬಂತು. ಖುಷಿಗೆ ಅತ್ತರೆ ಬ್ಯಾಲೆನ್ಸ್ ತಪ್ಪುತ್ತದೆಂದು ತಡೆದುಕೊಂಡೆ.

ಇದಾಗಿ ಒಂದು ವಾರ ಕಳೆದಿರಬಹುದು. ಅವಳಾಗಿಯೇ ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಒಂದು ಸಾಲಿನ ಮೇಲೆ ಬೆರಳಿಟ್ಟು ಓದಲು ಶುರುಮಾಡಿದಳು. "ಅಜ್ಜಿಯ... ಮನೆಯ... ಮುಂದೆ..." ಅಲ್ಲಿಗೆ ನಿಂತಿತು. ಅವಳ ಕಣ್ಣು ಮೆಲ್ಲಗೆ ನೆಲದ ಕಡೆ ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಈ ಸಲ ಸಿಟ್ಟಲ್ಲ, ಸಂಕಟ. ಮುಂದಿನ ಪದವನ್ನು ನಾನೇ ಹೇಳಿಕೊಡೋಣವೆಂದು, "ಮಾ..." ಎಂದು ಬಾಯಿ ತೆರೆದೆ.

ಅವಳು ಪುಸ್ತಕದಿಂದ ಬೆರಳು ತೆಗೆಯದೆ, ಇನ್ನೊಂದು ಕೈಯನ್ನು ನನ್ನ ಮುಂದೆ ಅಡ್ಡ ಹಿಡಿದಳು.

"ಇಡ್ಕಬ್ಯಾಡಿ ಮಿಸ್" ಅಂದಳು. "ಬುಡಿ."

ಬೆರಳನ್ನು ಸಾಲಿನ ಮೊದಲಿಗೆ ತಂದಿಟ್ಟುಕೊಂಡಳು. "ಇನ್ನೊಂದ್ ರೌಂಡು" ಎಂದು ತನಗೆ ತಾನೇ ಹೇಳಿಕೊಂಡು, ಅಜ್ಜಿಯ ಮನೆಯಿಂದ ಮತ್ತೆ ಹೊರಟಳು. ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂತೆ.